ಅಮೋಸ್ ಪೆಟ್ವೇಯ ಏಳನೆಯ ಕಾರ್ಡು

ಮಾರ್ಚ್ 8, 2011, ಮಂಗಳವಾರ

ಪಾರ್ಶ್ವವಾಯು ಹೊಡೆದ ಹತ್ತೊಂಬತ್ತು ದಿನಗಳ ನಂತರ ಹೋಬರ್ಟ್ ಮನೆಗೆ ಬಂದ. ಬಲಗೈ ಬಲಗಾಲು ಇನ್ನೂ ಅವನ ಮಾತು ಕೇಳುತ್ತಿಲ್ಲ. ನಾಲಗೆಯಂತೂ ಸುತರಾಂ ಕೇಳುತ್ತಿಲ್ಲ. ಆಸ್ಪತ್ರೆಯ ನರ್ಸ್ ಈ ಪುಸ್ತಕ ಕೈಗಿಟ್ಟು, "ಔಷಧಿ, ಊಟ, ನಿದ್ದೆ ಎಲ್ಲಾ ಇದ್ರಲ್ಲಿ ಬರೆದಿಡಿ, ಮಿಸೆಸ್ ಡ್ರೇಟನ್" ಎಂದಳು. ಔಷಧಿಯ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಈ ಪುಸ್ತಕ ನನಗಿರಲಿ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಿಂತು ದಿನಕ್ಕೆ ಆರುನೂರು ಮಕ್ಕಳಿಗೆ ಬಡಿಸಿದವಳು ನಾನು. ಒಬ್ಬ ಗಂಡನನ್ನು ನೋಡಿಕೊಳ್ಳಲು ಪುಸ್ತಕ ಬೇಕಿಲ್ಲ.

ಮೊದಲ ಜಗಳವೂ ಇವತ್ತೇ ಆಯಿತು. ಗಾಲಿಕುರ್ಚಿ ಅಡುಗೆಮನೆಗೆ ಹೋಗಬೇಕಾದರೆ ಊಟದ ಮೇಜನ್ನು ಸರಿಸಬೇಕು. ಮೇಜಿನ ತುಂಬ ಇವನ ಬೇಸ್‌ಬಾಲ್ ಕಾರ್ಡುಗಳು, ಭೂತಗನ್ನಡಿ, ಹಳೆಯ ಪತ್ರಿಕೆಗಳ ಕತ್ತರಿಕೆಗಳು. ಎಲ್ಲವೂ ಒಬ್ಬನೇ ಆಟಗಾರನವು, ಅಮೋಸ್ ಪೆಟ್ವೇ. ನಲವತ್ತೆಂಟು ವರ್ಷದ ಸಂಸಾರದಲ್ಲಿ ಈ ಕಾಗದದ ಚೂರುಗಳಿಗೆ ಸಿಕ್ಕ ಜಾಗ ನನ್ನ ಹೊಲಿಗೆ ಯಂತ್ರಕ್ಕೆ ಸಿಗಲಿಲ್ಲ. ನಾನು ಎಲ್ಲವನ್ನೂ ಬೂಟಿನ ಡಬ್ಬಕ್ಕೆ ತುಂಬತೊಡಗಿದೆ. ಅವನು ಎಡಗೈಯಿಂದ ಮೇಜು ಗುದ್ದಿದ.

"ಬೇ... ಬೇಡ."

ಮನೆಗೆ ಬಂದ ಮೇಲೆ ಆಡಿದ ಮೊದಲ ಮಾತು. ನನ್ನ ಹೆಸರಲ್ಲ!

ಸಂಜೆ ಗ್ರಂಥಾಲಯದ ಸಿಮ್ಸ್ ಅವರಿಗೆ ಫೋನ್ ಮಾಡಿದೆ. ಜೂನ್‌ನಲ್ಲಿ ನಮ್ಮ ಪೇಟೆಯ ಮೈದಾನಕ್ಕೆ ಪೆಟ್ವೇ ಹೆಸರಿಡುತ್ತಾರೆ. ಅವತ್ತು ತನ್ನ ಕಾರ್ಡುಗಳನ್ನು ಪ್ರದರ್ಶನಕ್ಕೆ ಕೊಡುತ್ತೇನೆಂದು ಹೋಬರ್ಟ್ ಮಾತು ಕೊಟ್ಟಿದ್ದ. ಈ ಸ್ಥಿತಿಯಲ್ಲಿ ಆಗುವುದಿಲ್ಲವೆಂದೆ.

"ನೀವು ಚಿಂತೆ ಮಾಡ್ಬೇಡಿ ಅಮ್ಮಾ. ಗ್ರೀನ್ಸ್‌ಬರ್ಗ್‌ನಲ್ಲಿ ಕ್ರುಪ್ಕಾ ಅಂತ ಒಬ್ರಿದಾರೆ. ಅವರ ಹತ್ರಾನೂ ಪೆಟ್ವೇ ಕಾರ್ಡ್ ಇವೆ. ಅವರದ್ದೇ ಇಡ್ತೀವಿ."

ಫೋನ್ ಇಟ್ಟೆ. ಪಾತ್ರೆ ತೊಳೆದೆ. ಮತ್ತೆ ಫೋನ್ ಎತ್ತಿ, "ನಮ್ಮದನ್ನೇ ಇಡಿ. ನಾನು ತಂದುಕೊಡ್ತೀನಿ" ಎಂದೆ. ಯಾಕೆ ಹಾಗೆಂದೆನೋ, ತಿಳಿಯದು. ಆಡಿದ್ದಾಯಿತು. ತೆಗೆದುಕೊಂಡು ಹೋಗಿ ಇಟ್ಟು, ಕೈ ತೊಳೆದುಕೊಂಡರಾಯಿತು.

ಮಾರ್ಚ್ 13, ಭಾನುವಾರ

ಚರ್ಚಿಗೆ ಹೋಗಲಾಗಲಿಲ್ಲ. ಅವನು ಅತ್ತ. ನಾನು ಬಟ್ಟೆ ಒಗೆದೆ.

ಮಾರ್ಚ್ 15, ಮಂಗಳವಾರ

ಮಾತು ಕಲಿಸುವ ಹುಡುಗಿ ಬಂದಿದ್ದಳು. ಹೆಸರು ಟಾಮ್ರಾ. ಇನ್ನು ಮೇಲೆ ಮಂಗಳವಾರ, ಶುಕ್ರವಾರ ಬರುತ್ತಾಳೆ. ಸೇಬು, ಕೊಡೆ, ಬೆಕ್ಕು ಎಂದು ಮಕ್ಕಳ ಚಿತ್ರಗಳನ್ನು ತೋರಿಸಿದಳು. ಹೋಬರ್ಟ್ ಮುಖ ತಿರುಗಿಸಿದ. ನಲವತ್ತು ವರ್ಷ ನಗರದ ಬಸ್ಸುಗಳ ಇಂಜಿನ್ ಬಿಚ್ಚಿ ಜೋಡಿಸಿದವನಿಗೆ ಬೆಕ್ಕಿನ ಚಿತ್ರ!

"ಇವರಿಗೆ ತುಂಬಾ ಇಷ್ಟವಾದ ಚಿತ್ರ ಮನೇಲಿ ಯಾವುದಾದ್ರೂ ಇದ್ಯಾ, ಆಂಟಿ?" ಎಂದಳು.

ನಮ್ಮ ಮದುವೆಯ ಫೋಟೋ ತಂದೆ. ನೋಡಿದ, ನಕ್ಕ, ಮಾತಿಲ್ಲ. ಮೇಜಿನಿಂದ ಒಂದು ಕಾರ್ಡು ತಂದು ಹಿಡಿದೆ. ಬ್ಯಾಟು ಬೀಸುವವನ ಹಿಂದೆ ಚೆಂಡು ಹಿಡಿಯುವ ಪೆಟ್ವೇ ಮುಖಗವಸನ್ನು ತಲೆಯ ಮೇಲೆ ಸರಿಸಿ ಕುಕ್ಕರಗಾಲಲ್ಲಿ ಕುಳಿತ ಚಿತ್ರ.

"ಕ್ಯಾ... ಕ್ಯಾಚರ್" ಎಂದ ಹೋಬರ್ಟ್. ಆಮೇಲೆ, "ಮಂಡಿ." ಕೊನೆಗೆ, "ಕರಾಕಾಸ್." ಆ ಕಾರ್ಡು ಅಚ್ಚಾದ ಊರಂತೆ.

ಟಾಮ್ರಾ ಚಪ್ಪಾಳೆ ತಟ್ಟಿದಳು. ನಾನು ಮದುವೆಯ ಫೋಟೋವನ್ನು ಮೊದಲಿದ್ದ ಕಡೆ ಇಟ್ಟು ಬಂದೆ.

ಮಾರ್ಚ್ 22, ಮಂಗಳವಾರ

ಜೊತೆಯಲ್ಲಿ ಕೂತು ಹೆಸರು ಹೇಳಿಸಬೇಕಾದರೆ ನನಗೂ ಗೊತ್ತಿರಬೇಕಲ್ಲ. ಹಾಗಾಗಿ ಓದಿದೆ. ಪೆಟ್ವೇಯದು ಒಟ್ಟು ಏಳೇ ಕಾರ್ಡು. ಅವನು ಕಪ್ಪು ಆಟಗಾರರ ಲೀಗಿನಲ್ಲಿ ಆಡುತ್ತಿದ್ದ ಹದಿನೇಳು ವರ್ಷದಲ್ಲಿ ಪೊಟ್ಟಣದ ಜೊತೆ ಆಟಗಾರರ ಕಾರ್ಡು ಕೊಡುವ ಈ ದೇಶದ ಯಾವ ಚ್ಯೂಯಿಂಗ್ ಗಮ್ ಕಂಪನಿಯೂ ಅವನ ಚಿತ್ರ ಅಚ್ಚು ಹಾಕಲಿಲ್ಲ. ಚಳಿಗಾಲದಲ್ಲಿ ದಕ್ಷಿಣದ ದೇಶಗಳಿಗೆ ಆಡಲು ಹೋಗುತ್ತಿದ್ದಾಗ ಅಲ್ಲಿಯವರು ಹಾಕಿದರು. ಹವಾನದಲ್ಲಿ ಎರಡು, ಕರಾಕಾಸ್‌ನಲ್ಲಿ ಎರಡು, ಮೆಕ್ಸಿಕೋದಲ್ಲಿ ಒಂದು. ಕೊನೆಗೆ, ನಲವತ್ತನೆಯ ವಯಸ್ಸಿನಲ್ಲಿ, ಮಂಡಿ ಸವೆದ ಮೇಲೆ, ಇಲ್ಲಿಯ ದೊಡ್ಡ ತಂಡ ಒಂದು ವರ್ಷದ ಮಟ್ಟಿಗೆ ಕರೆದುಕೊಂಡಿತು. ಆಗ ಬಂದದ್ದು 1957ರ ಅಮೆರಿಕದ ಕಾರ್ಡು. ಈ ಆರೂ ನಮ್ಮಲ್ಲಿವೆ.

ಇಲ್ಲದಿರುವುದು ಮೊಟ್ಟಮೊದಲನೆಯದು. 1947, ಪೋರ್ಟೊ ರಿಕೋದ ಪೊನ್ಸೆ ತಂಡ. ಮಿಠಾಯಿಯ ಜೊತೆ ಕೊಡುತ್ತಿದ್ದ ಚೀಟಿ. ಮಕ್ಕಳು ಆಲ್ಬಮ್ಮಿಗೆ ಅಂಟಿಸಿಬಿಡುತ್ತಿದ್ದರಂತೆ, ಹಾಗಾಗಿ ಬಿಡಿಯಾಗಿ ಉಳಿದವು ಬೆರಳೆಣಿಕೆಯಷ್ಟು.

ಮಾರ್ಚ್ 30, ಬುಧವಾರ

ಗ್ರೀನ್ಸ್‌ಬರ್ಗ್‌ನ ಕ್ರುಪ್ಕಾ ಬಂದಿದ್ದರು. ಪ್ರದರ್ಶನಕ್ಕೆ ಮುಂಚೆ ಕಾರ್ಡುಗಳನ್ನು ಪರೀಕ್ಷಿಸಿ ಎಂದು ಸಿಮ್ಸ್ ಕಳಿಸಿದ್ದಂತೆ. ಎತ್ತರದ ಬಿಳಿಯ ಮುದುಕ. ಶೂ ಬಾಗಿಲಲ್ಲೇ ಬಿಟ್ಟು ಒಳಗೆ ಬಂದರು. ಅದು ಇಷ್ಟವಾಯಿತು. ಹೋಬರ್ಟ್ ಒಳಗೆ ಮಲಗಿದ್ದ. ಕಾಫಿ ಕೊಟ್ಟೆ, ಪೀಚ್ ಹಣ್ಣಿನ ಕಾಬ್ಲರ್ ಸಿಹಿ ಕೊಟ್ಟೆ. ಅವರು ಕಣ್ಣಿಗೆ ಪುಟ್ಟ ಭೂತಗನ್ನಡಿಯ ಗಾಜು ಸಿಕ್ಕಿಸಿಕೊಂಡು ಒಂದೊಂದನ್ನೇ ನೋಡಿದರು. ಹವಾನದ ಎರಡನೆಯದರ ಹತ್ತಿರ ನಿಂತುಬಿಟ್ಟರು.

"ಕೋಪ ಮಾಡ್ಕೋಬೇಡಿ, ಮಿಸೆಸ್ ಡ್ರೇಟನ್. ಇದು ಅಸಲಿ ಅಲ್ಲ. ಆಮೇಲೆ ಯಾರೋ ನಕಲು ಅಚ್ಚು ಹಾಕಿರೋದು."

"ನನ್ನ ಗಂಡ ಇಪ್ಪತ್ತೆಂಟು ವರ್ಷದಿಂದ ಎದೆಗವಚಿಕೊಂಡಿರೋದನ್ನ ಐದು ನಿಮಿಷ ನೋಡಿ ನಕಲಿ ಅಂತೀರಲ್ಲ?"

"ನೋಡಿದ್ದನ್ನ ಹೇಳ್ದೆ."

"ಕಾಫಿ ಮುಗೀತಾ?"

"ಇನ್ನೂ ಅರ್ಧ ಇದೆ."

"ಬಾಗಿಲು ಆ ಕಡೆ ಇದೆ."

ಮನುಷ್ಯ ಜಗಳವಾಡಲಿಲ್ಲ. ಶೂ ಹಾಕಿಕೊಂಡು, ತಮ್ಮ ಗಾಜನ್ನು ಮೇಜಿನ ಮೇಲೆ ಇಟ್ಟು, "ಅಕ್ಷರಗಳನ್ನ ನೋಡಿ" ಎಂದಷ್ಟೇ ಹೇಳಿ ಹೋದರು.

ಮಾರ್ಚ್ 31, ಗುರುವಾರ

ಅಕ್ಷರಗಳನ್ನು ನೋಡಿದೆ. ಉಳಿದ ಐದರಲ್ಲಿ ಹೆಸರಿನ ಅಕ್ಷರಗಳು ಗಟ್ಟಿ ಶಾಯಿ. ಇದೊಂದರಲ್ಲಿ ಅಕ್ಷರವೂ ಚುಕ್ಕೆ ಚುಕ್ಕೆ, ಚಿತ್ರವನ್ನು ಚಿತ್ರ ತೆಗೆದ ಹಾಗೆ. ಕ್ರುಪ್ಕಾ ಹೇಳಿದ್ದು ನಿಜ.

ಹೋಬರ್ಟನಿಗೆ ಹೇಳಲಿಲ್ಲ. ಎದ್ದು ನಿಲ್ಲಲು ಆಗದವನನ್ನು ಕೆಡವುವುದೇಕೆ?

ಏಪ್ರಿಲ್ 6, ಬುಧವಾರ

ಕ್ರುಪ್ಕಾಗೆ ಫೋನ್ ಮಾಡಿ, "ಕಾಫಿ ಅರ್ಧ ಬಿಡಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡಿ" ಎಂದೆ. ಅದಕ್ಕಿಂತ ಹೆಚ್ಚು ನನ್ನಿಂದ ಆಗದು. ಅವರು ನಕ್ಕರು. ಪೊನ್ಸೆ ಕಾರ್ಡು ಯಾರಲ್ಲಿದೆ ಎಂದು ಕೇಳಿದೆ.

"ಒಹಾಯೋದ ಲೊರೇನ್‌ನಲ್ಲಿ ಒಬ್ಬಾಕೆ ಇದಾರೆ, ಇರೈದಾ ಕೊಲ್ಯಾಸೊ ಅಂತ. ಅವರಪ್ಪ ಪೊನ್ಸೆಯಿಂದ ಉಕ್ಕಿನ ಕಾರ್ಖಾನೆಗೆ ಬರೋವಾಗ ಆಲ್ಬಮ್ ತಂದಿದ್ರಂತೆ. ನಾನು ಮೂರು ಸಲ ಕೇಳ್ದೆ. ಮೂರು ಸಲಾನೂ ಫೋನ್ ಕುಕ್ಕಿದ್ರು."

ನಾನೇ ಇರೈದಾಗೆ ಫೋನ್ ಮಾಡಿದೆ. ನನ್ನ ಫೋನನ್ನೂ ಕುಕ್ಕುವುದರಲ್ಲಿದ್ದರು. ಆಲ್ಬಮ್ ಎನ್ನುವಷ್ಟರಲ್ಲೇ "ಮಾರೋಕಿಲ್ಲ!" ಎಂದರು.

"ಕೊಳ್ಳೋಕೆ ಅಲ್ಲಮ್ಮ, ನೋಡೋಕೆ. ನನ್ನ ಗಂಡನಿಗೆ ಪಾರ್ಶ್ವವಾಯು ಹೊಡೆದಿದೆ. ಅಮೋಸ್ ಪೆಟ್ವೇ ಕಾರ್ಡು ತೋರಿಸಿದ್ರೆ ಮಾತ್ರ ಮಾತಾಡ್ತಾನೆ."

"ಯಾರು, ಪೆಟ್ವೇನಾ? ಅವರ ಹೆಸರು ಮಾರ್ತೀಯೊ ಕಣ್ರೀ. ಸುತ್ತಿಗೆ ಅಂತ. ನಮ್ಮ ಪೊನ್ಸೆಯವರು ಇಟ್ಟ ಹೆಸರು."

"ಪಿಟ್ಸ್‌ಬರ್ಗ್‌ನಲ್ಲಿ ಬಿಗ್ ಪೆಟ್ ಅಂತೀವಿ. ಅವರು ನಮ್ಮವರು."

"ನಿಮ್ಮವರಾ? ನಿಮ್ಮೂರಿನ ಹೋಟೆಲಿನೊಳಗೆ ಬಿಟ್ಕೊಳ್ತಿದ್ರಾ ಅವರನ್ನ? ನಮ್ಮಲ್ಲಿ ಮೇಯರ್ ಮನೇಲಿ ಊಟ ಹಾಕಿದ್ರು!"

ಕೆನ್ನೆಗೆ ಹೊಡೆದ ಹಾಗಾಯಿತು. "ಹೋಟೆಲಿನೋರು ನಮ್ಮ ಕಪ್ಪು ಜನರನ್ನ ಬಿಡ್ತಿರಲಿಲ್ಲ. ಅದಕ್ಕೇ ನಮ್ಮ ಮನೆಗಳಲ್ಲಿ ಉಣ್ತಿದ್ರು. ನಮ್ಮತ್ತೆ ಕೈಯಲ್ಲಿ ಎರಡು ಸಲ ಕೋಳಿ ತಿಂದಿದಾರೆ" ಎಂದೆ.

ಆ ಕಡೆಯಿಂದ, "ಯಾವ ಥರದ ಕೋಳಿ?" ಎಂದರು.

ಮುಕ್ಕಾಲು ಗಂಟೆ ಮಾತಾಡಿದೆವು.

ಏಪ್ರಿಲ್ 20, ಬುಧವಾರ

ಹೋಬರ್ಟ್ ಗೋಡೆ ಹಿಡಿದು ಬಚ್ಚಲಿನ ತನಕ ನಡೆದ. ಇವತ್ತು ಔಷಧಿ ಕೊಡುವುದು ಹತ್ತು ನಿಮಿಷ ತಡವಾಯಿತು. ಮೆಕ್ಸಿಕೋ ಕಾರ್ಡಿನ ಅಂಚು ಎಲ್ಲಿ ಕತ್ತರಿಸಿದ್ದಾರೆಂದು ನೋಡುತ್ತಿದ್ದೆ. ಹೊಲಿಗೆ ಯಂತ್ರವನ್ನು ನೆಲಮಾಳಿಗೆಗೆ ಇಳಿಸಿದ್ದೇನೆ. ಕಿಟಕಿಯ ಬೆಳಕು ಬೀಳುವ ಆ ಮೂಲೆ ಕಾರ್ಡು ನೋಡಲು ಒಳ್ಳೆಯದು.

ಏಪ್ರಿಲ್ 30, ಶನಿವಾರ

ಲೊರೇನ್‌ಗೆ ಹೋಗಿ ಬಂದೆವು. ಇಬ್ಬರೂ. ಎರಡೂವರೆ ಗಂಟೆ ದೊಡ್ಡ ಹೆದ್ದಾರಿಯಲ್ಲಿ ನಾನೇ ಕಾರು ಓಡಿಸಿದೆ. ಲಾರಿಗಳು ಪಕ್ಕದಲ್ಲಿ ಹೋದಾಗಲೆಲ್ಲ ಹೋಬರ್ಟ್ ಎಡಗಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತಿದ್ದ. ಕಾರ್ಡುಗಳನ್ನು ಅವನ ತೊಡೆಯ ಮೇಲಿಟ್ಟು ಸೀಟಿನ ಬೆಲ್ಟ್ ಹಾಕಿದ್ದೆ.

ಇರೈದಾ ನನ್ನಷ್ಟೇ ವಯಸ್ಸಿನವರು, ನನ್ನ ಅರ್ಧದಷ್ಟು ಗಾತ್ರ, ಎರಡರಷ್ಟು ದನಿ. ಬಾಗಿಲು ತೆಗೆದವರೇ, "ಮೊದಲು ಊಟ. ಹಸಿದ ಹೊಟ್ಟೇಲಿ ಮಾರ್ತೀಯೊನ ನೋಡಬಾರದು" ಎಂದರು. ತೊಗರಿಕಾಳಿನ ಅನ್ನ, ಬೇಯಿಸಿದ ಹಂದಿಮಾಂಸ. ಹೋಬರ್ಟನಿಗೆ ಮಾಂಸವನ್ನು ಸಣ್ಣಗೆ ಹೆಚ್ಚಿ ಕೊಟ್ಟರು, ಯಾರಿಗೂ ಕಾಣದ ಹಾಗೆ, ಅಡುಗೆಮನೆಯಲ್ಲೇ.

ಆಮೇಲೆ ಆಲ್ಬಮ್ ತಂದರು. ಪುಟ ಹಳದಿಯಾಗಿದೆ, ಅಂಟು ಕಂದಾಗಿದೆ. ಪೊನ್ಸೆ ತಂಡದ ಹದಿನಾರು ಜನ, ನಡುವೆ ಪೆಟ್ವೇ. ಮೂವತ್ತು ವರ್ಷದವನು. ಮುಖಗವಸು ಇಲ್ಲ, ಬ್ಯಾಟು ಹೆಗಲ ಮೇಲೆ, ಬಾಯಿ ತುಂಬ ನಗು. ನಮ್ಮ ಆರು ಕಾರ್ಡುಗಳಲ್ಲಿ ಒಂದರಲ್ಲೂ ಅವನು ನಕ್ಕಿಲ್ಲ. ಅದು ನನಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ.

ಹೋಬರ್ಟ್ ಎಡಗೈ ಬೆರಳನ್ನು ಪುಟದಿಂದ ಒಂದಂಗುಲ ಮೇಲೆ ಹಿಡಿದು, ಮುಟ್ಟದೆ, ಆ ಮುಖದ ಸುತ್ತ ಆಡಿಸಿದ. "ಮಾರ್... ತೀಯೊ" ಎಂದ. ಇರೈದಾ ಎದ್ದು ಅಡುಗೆಮನೆಗೆ ಹೋಗಿ, ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡರು.

ನಾವು ನಮ್ಮ ಕಾರ್ಡುಗಳನ್ನು ಹರಡಿದೆವು. ಹವಾನದ ಎರಡನೆಯದನ್ನು ನಾನು ಬೇಗ ಬೇಗ ಕೆಳಕ್ಕೆ ಸೇರಿಸುತ್ತಿದ್ದೆ. ಹೋಬರ್ಟ್ ಅದನ್ನೇ ಎಳೆದು ತೆಗೆದು, ಇರೈದಾಗೆ ತೋರಿಸಿ, "ಸುಳ್ಳು" ಎಂದ.

ನಾನು ಅವನ ಕಡೆ ತಿರುಗಿದೆ. "ನಿನಗೆ ಗೊತ್ತಾ?"

"ಗೊತ್ತು. ಆರ್ಲಿಸ್... ಕೆಲಸ... ಹೋಯ್ತು. ಮಕ್ಕಳು... ನಾಲ್ಕು."

ಆರ್ಲಿಸ್ ಇವನ ಬಾಲ್ಯದ ಗೆಳೆಯ. ಉಕ್ಕಿನ ಕಾರ್ಖಾನೆ ಮುಚ್ಚಿದಾಗ ಮನೆಯಲ್ಲಿದ್ದದ್ದನ್ನೆಲ್ಲ ಮಾರಿದವನು. ಸುಮ್ಮನೆ ಕೊಟ್ಟರೆ ತೆಗೆದುಕೊಳ್ಳುವವನಲ್ಲ. ನಕಲಿಯೆಂದು ಆರ್ಲಿಸ್‌ಗೆ ಗೊತ್ತಿರಲಿಲ್ಲ, ಹೋಬರ್ಟನಿಗೆ ಗೊತ್ತಿತ್ತು. ಆದರೂ ಅವನಿಂದ ಕೊಂಡ. ಇಪ್ಪತ್ತೆಂಟು ವರ್ಷ ಯಾರಿಗೂ ಹೇಳಲಿಲ್ಲ, ನನಗೂ.

ನಾನು ಒಂದು ತಿಂಗಳಿಂದ ಇವನನ್ನು ಕಾಪಾಡುತ್ತಿದ್ದೆನಂತೆ!

ಹೊರಡುವಾಗ ಇರೈದಾ, "ಆಲ್ಬಮ್ ಕೊಡಲ್ಲ. ಆದ್ರೆ ಜೂನ್ ಹನ್ನೊಂದಕ್ಕೆ ನಾನೇ ತಗೊಂಡು ಬರ್ತೀನಿ. ಬೋರ್ಡಿನಲ್ಲಿ ಮಾರ್ತೀಯೊ ಅಂತಾನೂ ಬರೀಬೇಕು" ಎಂದರು.

ಮೇ 19, ಗುರುವಾರ

ಸಿಮ್ಸ್ ಜೊತೆ ವಾದ. ನಕಲಿ ಕಾರ್ಡನ್ನು ತೆಗೆಯಿರಿ, ಗ್ರಂಥಾಲಯಕ್ಕೆ ಮುಜುಗರ ಎನ್ನುತ್ತಾರೆ. ನಕಲಿ ಎಂದು ಕೆಳಗೆ ಬರೆದೇ ಇಡುತ್ತೇನೆಂದೆ. ಭಾಷಣ ಯಾರು ಮಾಡುತ್ತಾರೆಂದು ಕೇಳಿದರು. "ಹೋಬರ್ಟ್ ಬರೆದಿದ್ದಾನೆ. ನಾನು ಓದ್ತೀನಿ" ಎಂದೆ. ಹೋಬರ್ಟ್ ಬರೆದಿಲ್ಲ. ಬರೆಯಲು ಕೈ ಬರುವುದಿಲ್ಲ. ಇನ್ನು ನಾನು ಕೂರಬೇಕು.

ಜೂನ್ 11, ಶನಿವಾರ

ಎಲ್ಲವನ್ನೂ ಬರೆದಿಡಬೇಕು, ಒಂದೂ ಬಿಡದೆ.

ಬೆಳಿಗ್ಗೆ ಮೈದಾನದಲ್ಲಿ ಹೆಸರಿನ ಫಲಕ ತೆರೆದರು. "ಅಮೋಸ್ 'ಬಿಗ್ ಪೆಟ್' ಪೆಟ್ವೇ", ಕೆಳಗಿನ ಸಾಲಿನಲ್ಲಿ "ಎಲ್ ಮಾರ್ತೀಯೊ". ಇರೈದಾ ಫಲಕದ ಮುಂದೆ ನಿಂತು ಅಕ್ಷರಗಳನ್ನು ಒಂದೊಂದಾಗಿ ಎಣಿಸಿದರು, ತಪ್ಪಿದ್ದರೆ ಬಿಡುತ್ತಿರಲಿಲ್ಲ. ಹೋಬರ್ಟ್ ಗಾಲಿಕುರ್ಚಿ ಬೇಡವೆಂದು ಕೋಲು ಹಿಡಿದು ಬಂದ. ನೀಲಿ ಸೂಟು, ನಾನು ಕಟ್ಟಿದ ಟೈ.

ಗ್ರಂಥಾಲಯದಲ್ಲಿ ನೂರಕ್ಕೂ ಹೆಚ್ಚು ಜನ. ನಿಂತು ಓದಲು ಹೋದರೆ ಕಾಗದದ ಸಾಲುಗಳು ಕಲಸಿಕೊಂಡವು. ಕಾಗದ ಮಡಚಿದೆ. ಊಟದ ಸಾಲಿನಲ್ಲಿ ಗಲಾಟೆ ಮಾಡುವ ಮಕ್ಕಳನ್ನು ಕರೆಯುತ್ತಿದ್ದ ದನಿ ತಾನಾಗಿ ಬಂತು.

"ನನ್ನ ಗಂಡನಿಗೆ ಆಗ ಹತ್ತು ವರ್ಷ. ಭಾನುವಾರ ಪೆಟ್ವೇ ಹೊಡೆದ ಚೆಂಡು ಗೋಡೆ ದಾಟಿ, ರಸ್ತೆ ದಾಟಿ, ಲಾಂಡ್ರಿ ಅಂಗಡಿ ಚಾವಣಿ ಮೇಲೆ ಬಿದ್ದಿದ್ದನ್ನ ನೋಡಿದ. ಸೋಮವಾರ ಗಮ್ ತಗೊಳೋಕೆ ಅಂಗಡಿಗೆ ಹೋಗಿ, 'ಪೆಟ್ವೇ ಕಾರ್ಡು ಇರೋ ಪೊಟ್ಟಣ ಕೊಡಿ' ಅಂದ. ಅಂಗಡಿಯೋನು ನಕ್ಕ. 'ಅವರದ್ದೆಲ್ಲ ಅಚ್ಚು ಹಾಕಲ್ಲಪ್ಪ' ಅಂದ. ಈ ಮಾತನ್ನ ಇವನು ನನಗೆ ನೂರು ಸಲ ಹೇಳಿದಾನೆ. ನಾನು ನೂರು ಸಲಾನೂ ಅಡುಗೆ ಮಾಡ್ತಾ ಕೇಳಿದ್ದೆ. ಅಚ್ಚು ಹಾಕಿದಾರೆ! ನೋಡಿ, ಇಲ್ಲಿವೆ. ಬೇರೆಯವರ ಭಾಷೇಲಿ, ಬೇರೆಯವರ ಮಿಠಾಯಿ ಜೊತೆ. ಆದ್ರೆ ಹಾಕಿದಾರೆ."

ಒಬ್ಬರು ಎದ್ದು, ನಕಲಿ ಕಾರ್ಡನ್ನು ಯಾಕೆ ಇಟ್ಟಿದ್ದೀರಿ ಎಂದು ಕೇಳಿದರು. "ಅದನ್ನ ನನ್ನ ಗಂಡ ನಕಲಿ ಅಂತ ಗೊತ್ತಿದ್ದೇ ಕೊಂಡ. ಯಾಕೆ ಅಂತ ಹೇಳಲ್ಲ. ಇಲ್ಲಿರೋ ಎಲ್ಲಾ ಕಾರ್ಡಿಗಿಂತ ನನಗೆ ಅದರ ಮೇಲೇ ಹೆಚ್ಚು ಹೆಮ್ಮೆ" ಎಂದೆ. ಹೋಬರ್ಟ್ ನೆಲ ನೋಡುತ್ತಿದ್ದ. ಕಿವಿ ಮಾತ್ರ ನನ್ನ ಕಡೆ.

ನಂತರ ಆದದ್ದೇ ಮುಖ್ಯ. ಜನ ಕೇಕಿನ ಕಡೆ ಹೋದ ಮೇಲೆ ಇರೈದಾ ನನ್ನನ್ನು ಪಕ್ಕಕ್ಕೆ ಕರೆದು, ಕೈಚೀಲದಿಂದ ಒಂದು ಲಕೋಟೆ ತೆಗೆದರು. ಪೊನ್ಸೆಯಲ್ಲಿರುವ ಅವರ ತಮ್ಮ ಹಳೆಯ ಪೆಟ್ಟಿಗೆ ಹುಡುಕಿ ಕಳಿಸಿದ್ದಂತೆ. ಒಳಗೆ ಅದೇ ಪೆಟ್ವೇ, ಅದೇ ನಗು. ಅಂಟಿಸದೇ ಉಳಿದ ಎರಡನೆಯ ಚೀಟಿ!

"ಸುಮ್ನೆ ಕೊಟ್ರೆ ನೀವು ತಗೊಳಲ್ಲ. ನಿಮ್ಮ ಮುಖ ನೋಡಿದ್ರೇ ಗೊತ್ತಾಗತ್ತೆ" ಎಂದರು. "ಮಕ್ಕಳು ಮಾಡ್ತಿದ್ದ ಹಾಗೆ ಮಾಡೋಣ. ಒಂದಕ್ಕೊಂದು."

"ಯಾವುದು ಬೇಕು?"

ಅವರು 1957ರ ಅಮೆರಿಕದ ಕಾರ್ಡಿನ ಮೇಲೆ ಬೆರಳಿಟ್ಟರು. "ನಮ್ಮಪ್ಪ ಸಾಯೋತನಕ ನಂಬಲಿಲ್ಲ, ಇಲ್ಲಿಯವರು ಮಾರ್ತೀಯೊನ ಒಳಗೆ ಬಿಟ್ಕೊಂಡ್ರು ಅಂತ. ಇದನ್ನ ಅವರ ಆಲ್ಬಮ್ಮಿನ ಕೊನೇ ಪುಟದಲ್ಲಿಡ್ಬೇಕು."

ಪಕ್ಕದಲ್ಲಿದ್ದ ಕ್ರುಪ್ಕಾ ಕೇಕು ನುಂಗುವುದನ್ನೂ ಮರೆತರು. "ಮಿಸೆಸ್ ಡ್ರೇಟನ್, ಸ್ವಲ್ಪ ಯೋಚನೆ ಮಾಡಿ. ಎಲ್ಲರೂ ಹುಡುಕೋದೇ ನಿಮ್ಮ ಅಮೆರಿಕದ ಕಾರ್ಡನ್ನ. ಮೂಲೆ ಕೂಡ ಮಡಚಿಲ್ಲ. ಈ ಮಿಠಾಯಿ ಚೀಟೀಲಿ ಒಂದು ಕಡೆ ನೀರಿನ ಕಲೆ ಇದೆ. ಹೋಬರ್ಟ್‌ನಾದ್ರೂ ಕೇಳಿ."

ಹೋಬರ್ಟ್ ಕೋಣೆಯ ಆ ತುದಿಯಲ್ಲಿ ಪಾದ್ರಿಗಳ ಕೈಗೆ ಸಿಕ್ಕಿಕೊಂಡಿದ್ದ. ನಾನು ಎರಡು ಕಾರ್ಡುಗಳನ್ನೂ ಜೊತೆಯಲ್ಲಿಟ್ಟು ನೋಡಿದೆ. ಒಂದರಲ್ಲಿ ನಲವತ್ತು ವರ್ಷದವನು, ಒಳ್ಳೆಯ ಸಮವಸ್ತ್ರ, ದಣಿದ ಕಣ್ಣು. ಆ ವರ್ಷವೆಲ್ಲ ಅವನನ್ನು ಆಡಿಸದೆ ಬೆಂಚಿನ ಮೇಲೆ ಕೂರಿಸಿದ್ದರು. ಇನ್ನೊಂದರಲ್ಲಿ ಚೆಂಡನ್ನು ಲಾಂಡ್ರಿಯ ಚಾವಣಿಗೆ ಹೊಡೆದ ಮನುಷ್ಯ. ಹೋಬರ್ಟ್ ನೋಡಿದ ಮನುಷ್ಯ.

ಚೌಕಟ್ಟಿನಿಂದ ಅಮೆರಿಕದ ಕಾರ್ಡು ತೆಗೆದು ಇರೈದಾ ಕೈಗಿಟ್ಟೆ. ಕೈ ಕುಲುಕಿದೆವು. ಕ್ರುಪ್ಕಾ ಕುರ್ಚಿ ಹುಡುಕಿಕೊಂಡು ಕುಳಿತರು.

ಆಮೇಲೆ ಹೋಬರ್ಟನಿಗೆ ಹೇಳಿದೆ. ಪೊನ್ಸೆ ಕಾರ್ಡನ್ನು ಕೈಯಲ್ಲಿಟ್ಟೆ. ಅವನು ಅದನ್ನು ನೋಡಿದ, ಗೋಡೆಯ ಮೇಲಿನ ಖಾಲಿ ಜಾಗ ನೋಡಿದ, ನನ್ನನ್ನು ನೋಡಿದ. ಮನೆಗೆ ಬರುವ ತನಕ ಒಂದು ಮಾತಿಲ್ಲ.

ಜೂನ್ 12, ಭಾನುವಾರ

ಇವತ್ತೂ ಮಾತಿಲ್ಲ. ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಚರ್ಚಿಗೆ ಬಂದ. ತಪ್ಪು ಮಾಡಿದೆನೇ? ಇಲ್ಲ. ಮತ್ತೆ ಕೇಳಿದರೂ ಹಾಗೇ ಮಾಡುತ್ತೇನೆ.

ಜೂನ್ 14, ಮಂಗಳವಾರ

ಟಾಮ್ರಾ ಬಂದಿದ್ದಳು. ಚೀಲ ಬಿಚ್ಚುವ ಮೊದಲೇ ಹೋಬರ್ಟ್ ಎಡಗೈ ಎತ್ತಿ ತಡೆದ. ಕುರ್ಚಿ ತೋರಿಸಿ, ಕೂರು ಎಂದು ಸನ್ನೆ ಮಾಡಿದ. ಜೇಬಿನಿಂದ ಪೊನ್ಸೆ ಕಾರ್ಡನ್ನು ತೆಗೆದು ಅವಳ ಮುಂದಿಟ್ಟ. ನಾನು ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತಿದ್ದೆ, ಕೈ ನಿಂತಿತು.

"ಇದು... ಅರವತ್ತು ವರ್ಷ... ಹುಡುಕಿದೆ, ನಾನು."

ಟಾಮ್ರಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನನ್ನ ಹೆಂಡತಿ... ಲುವೀನಿಯಾ... ಕೈ ಕುಲುಕಿ... ತಗೊಂಡು ಬಂದ್ಲು."

ಹಣೆಯ ಮೇಲೆ ಬೆವರು ಬಂತು. ಒರೆಸಿಕೊಂಡ. ಇನ್ನೂ ಇತ್ತು.

"ಆ ಕ್ರುಪ್ಕಾ... ನಾಲ್ಕು ಕಾರ್ಡ್ ಕೊಡ್ತೀನಿ ಅಂತ... ಬೇಡಿಕೊಂಡ... ಇವಳು... ಬಾಗಿಲು ತೋರಿಸಿದ್ಲು."

ಮೂರು ಪೂರ್ತಿ ವಾಕ್ಯ. ಮೂರನೆಯದು ಶುದ್ಧ ಸುಳ್ಳು. ನಾನು ತಿದ್ದಲಿಲ್ಲ.